ವಿಲ್ಸನ್ ಗಾರ್ಡನ್ ತಲುಪದ ಪಾಠ

ಶನಿವಾರ ಬೆಳಗಿನ ಆರೂಕಾಲು. ಹನುಮಂತನಗರದ ಹಳೆಯ ಮನೆಯೊಂದರ ನಡುಮನೆಯಲ್ಲಿ ಶ್ವೇತ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಎದುರಿನ ಸ್ಟೂಲಿನ ಮೇಲೆ ರೂಟರ್. ಮೊದಲು ಅವರು ತಮ್ಮ ಮೊಬೈಲಿನ ವೈಫೈ ಆಫ್ ಮಾಡುತ್ತಾರೆ.

"ಮನೆ ವೈಫೈಲಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣತ್ತೆ ಸಾರ್. ಬೀದೀಲಿ ನಿಂತೋರಿಗೆ ಕಾಣತ್ತಾ ಅಂತ ನೋಡ್ಬೇಕು" ಎಂದು ವರದಿಗಾಗಿ ಜೊತೆಗೆ ಬಂದಿರುವ ನನಗೆ ಹೇಳುತ್ತಾರೆ. ಮೊಬೈಲ್ ಡೇಟಾದಲ್ಲಿ ಪಾಠಗಳ ಪುಟ ತೆರೆಯುವುದಿಲ್ಲ.

ಮನೆ ನಿವೃತ್ತ ಶಿಕ್ಷಕಿ ಅಲಮೇಲು ಅವರದು. ಏಳು ವರ್ಷಗಳಿಂದ ಅವರು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ಹಗಲೂ ರಾತ್ರಿ ಚಾಲೂ ಇರುವ ಪುಟ್ಟ ಕಂಪ್ಯೂಟರಿನಲ್ಲಿ ಇಡುತ್ತಾ ಬಂದಿದ್ದಾರೆ. ಅದೇ ಅವರ ಸರ್ವರ್. ಕಣ್ಣು ಕಾಣದ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ತಮ್ಮ ಹಾಸ್ಟೆಲುಗಳಿಂದ ಅದನ್ನು ತೆರೆದು ಕೇಳುತ್ತಾರೆ. ಬುಧವಾರ ಕರೆಂಟ್ ಹೋಗಿ ಬಂದ ಮೇಲೆ ಒಬ್ಬರಿಗೂ ತೆರೆಯುತ್ತಿಲ್ಲ. ಸೋಮವಾರ ಇತಿಹಾಸದ ಪರೀಕ್ಷೆ.

ಮೂವತ್ತಾರರ ಶ್ವೇತ ಕದಿರೇನಹಳ್ಳಿಯವರು. ಬಡಾವಣೆಯ ಸಣ್ಣ ಇಂಟರ್‌ನೆಟ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷಗಳ ದುಡಿಮೆ. ದೂರು ಕೇಳುವ ಫೋನಿನ ಮುಂದೆ ಕೂತಿದ್ದವರು ಲೈನ್‌ಮನ್ ಒಬ್ಬ ಕೆಲಸ ಬಿಟ್ಟಾಗ, "ನಾನೇ ಹೋಗ್ತೀನಿ" ಎಂದು ಸ್ಕೂಟರ್ ಹತ್ತಿದರು. ಈಗ ದಿನಕ್ಕೆ ಎಂಟರಿಂದ ಹತ್ತು ಮನೆ. "ಗಂಡಸರು ಯಾರೂ ಬರ್ಲಿಲ್ವಾ ಅಂತ ಕೇಳೋರು. ಈಗ ನಾನೇ ಬರ್ಬೇಕು ಅಂತಾರೆ" ಎಂದು ನಗುತ್ತಾರೆ. ಒಮ್ಮೆ ಶ್ರೀನಗರದಲ್ಲಿ ಪಾಚಿಗಟ್ಟಿದ ಟೆರೇಸಿನ ಮೇಲೆ ಜಾರಿ ಮಣಿಕಟ್ಟು ಮುರಿದು ಎರಡು ತಿಂಗಳು ಮನೆಯಲ್ಲಿದ್ದರು. ನಸುಕಿನಲ್ಲೇ ಬರುವುದಕ್ಕೂ ಕಾರಣವಿದೆ: "ಈ ಹೊತ್ತಲ್ಲಿ ರೂಟರ್ ಆಫ್ ಮಾಡಿದ್ರೆ ಯಾರ ಮೀಟಿಂಗೂ ಕೆಡಲ್ಲ."

ಹತ್ತು ನಿಮಿಷದಲ್ಲಿ ಮೊದಲ ದೋಷ ಸಿಗುತ್ತದೆ. ಕರೆಂಟ್ ಬಂದಾಗ ರೂಟರ್ ಆ ಕಂಪ್ಯೂಟರಿಗೆ ಹೊಸ ನಂಬರ್ ಕೊಟ್ಟಿದೆ. ಹೊರಗಿಂದ ಬಂದವರನ್ನು ಮಾತ್ರ ಹಳೆಯ ನಂಬರಿಗೇ ಕಳಿಸುತ್ತಿದೆ. "ಮನೆ ಖಾಲಿ ಮಾಡ್ದೋರಿಗೆ ಹಳೇ ವಿಳಾಸಕ್ಕೆ ಕಾಗದ ಹಾಕ್ದಂಗೆ." ಶ್ವೇತ ಒಂದೇ ನಂಬರ್ ಕಾಯಂ ಮಾಡಿ ಮತ್ತೆ ಮೊಬೈಲಿನಲ್ಲಿ ನೋಡುತ್ತಾರೆ. ಇಲ್ಲ, ಈಗಲೂ ತೆರೆಯುವುದಿಲ್ಲ.

ಅಲಮೇಲು ಅವರ ಮುಖ ಬಾಡುತ್ತದೆ. "ಬೇರೆ ಯಾರನ್ನಾದ್ರೂ ಕರೆಸ್ಲಾ ಅಮ್ಮ?"

"ಸ್ವಲ್ಪ ಇರಿ ಮೇಡಂ."

ರೂಟರ್ ತೋರಿಸುವ ಅಡ್ರೆಸ್ಸನ್ನೂ ಹೊರಗಿನ ಜಗತ್ತಿಗೆ ಕಾಣುವ ಅಡ್ರೆಸ್ಸನ್ನೂ ಶ್ವೇತ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡೂ ಬೇರೆ. ಅಂದರೆ ನೂರಾರು ಮನೆಗಳಿಗೆ ಕಂಪನಿ ಕೊಟ್ಟಿರುವ ಒಂದೇ ಅಡ್ರೆಸ್ಸಿನ ಹಿಂದೆ ಈ ಮನೆಯೂ ಸೇರಿಹೋಗಿದೆ. ಹೊರಗಿಂದ ಬಂದ ವಿದ್ಯಾರ್ಥಿಗೆ ಯಾವ ಮನೆಯ ಬಾಗಿಲು ತಟ್ಟಬೇಕೆಂದು ಹೇಳುವವರೇ ಇಲ್ಲ. ಮೊದಲು ಈ ಮನೆಗೆ ಸ್ವಂತ ಅಡ್ರೆಸ್ ಇತ್ತು; ಬುಧವಾರ ರೂಟರ್ ಮತ್ತೆ ಆನ್ ಆದಾಗ ಅದು ಹೋಗಿದೆ. ಶ್ವೇತ ಆಫೀಸಿನ ಸೇತುರಾಮ ಅವರಿಗೆ ಫೋನ್ ಮಾಡುತ್ತಾರೆ.

"ಸ್ವಂತ ಅಡ್ರೆಸ್ ಉಳಿಸ್ಬೇಕಾದ ಮನೆಗಳ ಲಿಸ್ಟ್ ಹೋದ ವಾರ ಕೊಟ್ಟಿದ್ದು ನೀವೇ ಅಲ್ವಾ? ಅದ್ರಲ್ಲಿ ಈ ಮನೆ ಇಲ್ಲ" ಎನ್ನುತ್ತಾರೆ ಆತ.

ಶ್ವೇತ "ಹಳೇ ಅಡ್ರೆಸ್ಸೇ ವಾಪಸ್ ಹಾಕಿ ಅಣ್ಣ, ಈಗ್ಲೇ" ಎಂದು ಫೋನ್ ಇಟ್ಟು ಅಲಮೇಲು ಅವರತ್ತ ತಿರುಗುತ್ತಾರೆ. "ತಪ್ಪು ನಂದು ಮೇಡಂ. ಸ್ವಂತ ಅಡ್ರೆಸ್ ಬೇಕಾದ ಮನೆಗಳ ಪಟ್ಟೀಲಿ ನಿಮ್ಮನೆ ಬರೆಯೋದು ಬಿಟ್ಟೋಯ್ತು. ಮೂರು ದಿನ ಆ ಮಕ್ಕಳಿಗೆ ಪಾಠ ಇಲ್ದಂಗಾಯ್ತು."

"ನೀನು ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದ ಅಲಮೇಲು ಒಳಗೆ ಹೋಗಿ ಕಾಫಿ ತರುತ್ತಾರೆ.

ರೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಏಳು ಗಂಟೆಗೆ ವಿಲ್ಸನ್ ಗಾರ್ಡನ್ ಹಾಸ್ಟೆಲಿನ ಬಿ.ಎ. ವಿದ್ಯಾರ್ಥಿ ತಿಪ್ಪಣ್ಣನಿಗೆ ಅಲಮೇಲು ಫೋನ್ ಮಾಡಿ ಸ್ಪೀಕರ್ ಹಾಕುತ್ತಾರೆ. ಅತ್ತ ಕಡೆ ಆತ ಪಾಠದ ಪುಟ ತೆರೆಯುತ್ತಾನೆ.

"ಚಾಲೂ ಆತ್ರೀ ಮೇಡಂ! ನಿಮ್ಮ ದನಿ ಕೇಳಾಕತ್ತೇತ್ರಿ!"

ಅಲಮೇಲು ಫೋನಿಗೇ ಕೈಮುಗಿಯುತ್ತಾರೆ. ಶ್ವೇತ ಅಷ್ಟರಲ್ಲಾಗಲೇ ವೈರು ಸುತ್ತಿ ಬ್ಯಾಗಿಗೆ ಹಾಕುತ್ತಿದ್ದಾರೆ.

ಗೇಟಿನ ಬಳಿ ಸ್ಕೂಟರ್ ಸ್ಟಾರ್ಟ್ ಮಾಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಸೆಕೆಂಡ್ ಪಿಯುಸಿಲಿ ಎಕನಾಮಿಕ್ಸ್ ಒಂದು ಹಂಗೇ ಉಳ್ಕೊಂಡಿದೆ ಸಾರ್. ಈ ಸಲ ಕಟ್ಟೋಣ ಅಂತಿದೀನಿ. ಮೇಡಂ ಆ ಪುಸ್ತಕಾನೂ ಓದಿಟ್ಟಿದಾರಾ ಅಂತ ಕೇಳ್ಬೇಕು. ನಾಲ್ಕು ಸಲ ಬಂದೆ, ಕೇಳೋಕೇ ಸಂಕೋಚ."