ಬಡಕಲು ಜೋಳ ಬೇಡುವ ಜೈಬುನ್ನೀಸಾ

ಬೆಳಗಿನ ಆರು ಗಂಟೆ. ಹಿರಿಯೂರಿನ ತಮ್ಮ ಮನೆಯ ಹಿತ್ತಿಲಲ್ಲಿ ಜೈಬುನ್ನೀಸಾ ಜೋಳದ ಗಿಡವೊಂದನ್ನು ಬೇರುಸಮೇತ ಕಿತ್ತು ಹಿಡಿದಿದ್ದಾರೆ. ಎದೆಮಟ್ಟದ ಗಿಡ, ಕಡುಹಸಿರು ಗರಿ. ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಇವರು ಗಿಡ ತಿರುಗಿಸಿ ಬೇರು ನೋಡುತ್ತಾರೆ. "ಇಷ್ಟು ಕೊಬ್ಬಬಾರದಿತ್ತು ಕಣ್ರಿ" ಎನ್ನುತ್ತಾರೆ. ಹತ್ತಕ್ಕೆಲ್ಲ ತುರುವನೂರಿನಿಂದ ದಾಳಿಂಬೆ ಬೆಳೆಯುವ ಇಪ್ಪತ್ತು ಮನೆಯವರು ಮಣ್ಣು ಒಯ್ಯಲು ಬರುತ್ತಾರೆ.

ಐವತ್ತಾರರ ಜೈಬುನ್ನೀಸಾ ನಿಜವಾಗಿ ಬೆಳೆಯುವುದು ಜೋಳವನ್ನಲ್ಲ, ಅದರ ಬೇರಿನೊಳಗೆ ಬದುಕುವ ಬೂಷ್ಟನ್ನು. ಪುಸ್ತಕದವರು ಅದಕ್ಕೆ ಮೈಕೊರೈಜಾ ಎನ್ನುತ್ತಾರೆ. ಬೂಷ್ಟು ದೂರದಿಂದ ನೀರು, ರಂಜಕ ತಂದುಕೊಡುತ್ತದೆ; ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಅದಕ್ಕೆ ಪಾಲು ಕೊಡುತ್ತದೆ. ಆ ಬೇರು ಬೆರೆತ ಮಣ್ಣನ್ನು ದಾಳಿಂಬೆ ಗುಂಡಿಗೆ ಒಂದು ಬೊಗಸೆ ಹಾಕಿದರೆ ಸಸಿ ಬೇಗ ಚೇತರಿಸಿಕೊಳ್ಳುತ್ತದೆ.

ಹನ್ನೊಂದು ವರ್ಷದ ಈ ವ್ಯಾಪಾರವೂ ಗಿಡ-ಬೂಷ್ಟಿನ ಹಾಗೆಯೇ ನಡೆದುಬಂದಿದೆ. ಐಮಂಗಲದ ಕುರಿ ಕಾಯುವ ಗಂಗಕ್ಕ ಹುಲ್ಲುಗಾವಲಿನ ಹಳೇ ಮರಗಳ ಬುಡದಿಂದ ಬೂಷ್ಟಿರುವ ಮಣ್ಣು ತರುತ್ತಾರೆ. ಎಂಬತ್ತು ತೊಟ್ಟಿಗಳಲ್ಲಿ ಬೆಳೆಸಿ ಪರೀಕ್ಷಿಸುವವರು ಜೈಬುನ್ನೀಸಾ. ಬಂದದ್ದು ಅರ್ಧ ಅರ್ಧ; ಕರಾರುಪತ್ರವೇನೂ ಇಲ್ಲ. "ಅವ್ಳಿಲ್ದೆ ನಾನಿಲ್ಲ. ನಾನಿಲ್ದಿದ್ರೆ ಅವ್ಳ ಮಣ್ಣು ಬರೀ ಮಣ್ಣು" ಎಂದು ಜೈಬುನ್ನೀಸಾ ನಗಲು ನೋಡುತ್ತಾರೆ, ಇವತ್ತು ನಗು ಬರುತ್ತಿಲ್ಲ.

ಕಳೆದ ತಿಂಗಳು ಮಗಳು ಮಹೇಕ್‌ಳ ಬಾಣಂತನಕ್ಕೆ ಚಿತ್ರದುರ್ಗಕ್ಕೆ ಹೋದಾಗ ತೊಟ್ಟಿಗಳನ್ನು ಗಂಗಕ್ಕನಿಗೆ ಒಪ್ಪಿಸಿದ್ದರು. ಸೊರಗಿದ ಕುರಿಮರಿಗೆ ಹಾಲು ಕುಡಿಸಿ ಬದುಕಿಸುವ ಕೈ ಅದು, ಸುಮ್ಮನಿರಬೇಕಲ್ಲ! "ಬಡಕಲಾಗಿದ್ವು ಬೂಬಮ್ಮ, ಕರುಳು ಚುರ್ ಅಂತು. ತೊಟ್ಟಿಗೊಂದು ಹಿಡಿ ಡಿಎಪಿ ಹಾಕ್ದೆ" ಎಂದು, ಮಣ್ಣು ತುಂಬಲು ನಸುಕಿನಲ್ಲೇ ಬಂದಿರುವ ಗಂಗಕ್ಕ ತಲೆ ತಗ್ಗಿಸಿ ಹೇಳುತ್ತಾರೆ. ಗೊಬ್ಬರದ ರಂಜಕ ಪುಕ್ಕಟೆ ಸಿಕ್ಕರೆ ಬೇರು ಬೂಷ್ಟನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ; ಅದಕ್ಕೇ ಜೈಬುನ್ನೀಸಾ ಗಿಡಗಳನ್ನು ಬೇಕೆಂದೇ ಬಡಕಲಾಗಿ ಇಡುವುದು.

ಜೈಬುನ್ನೀಸಾ ಬೇರನ್ನು ಬೇಯಿಸಿ, ವಿನೆಗರ್ ಬೆರೆಸಿದ ಪೆನ್ನಿನ ಇಂಕಿನಲ್ಲಿ ಅದ್ದುತ್ತಾರೆ. ಗುಜರಿಯಲ್ಲಿ ಸಿಕ್ಕಿದ್ದ ಮೈಕ್ರೋಸ್ಕೋಪನ್ನು ಗಡಿಯಾರ ರಿಪೇರಿ ಮಾಡುವ ಗಂಡ ಫಜಲುಲ್ಲಾ ಸರಿಮಾಡಿಕೊಟ್ಟಿದ್ದಾರೆ. ಬೂಷ್ಟು ಹೊಕ್ಕಿದ್ದರೆ ಬೇರಿನಲ್ಲಿ ನೀಲಿ ಎಳೆಗಳು ಕಾಣಬೇಕು. ಒಂದು ತೊಟ್ಟಿಯ ಬೇರು ನೋಡುತ್ತಾರೆ, ಐದು ನೋಡುತ್ತಾರೆ, ಹತ್ತು. ಎಲ್ಲ ಬೋಳು.

ಕೊಟ್ಟು ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ; ಮಣ್ಣು ನೋಡಲು ಮಣ್ಣೇ. ತುರುವನೂರಿಗೆ ಮಾಡಲು ಎರಡು ಸಲ ಫೋನ್ ಎತ್ತಿ ಕೆಳಗಿಡುತ್ತಾರೆ. ಮೂರನೆಯ ಸಲ ಮಾತು ಹೊರಡುತ್ತದೆ: "ಬರಬ್ಯಾಡ್ರಿ. ಈ ಸಲದ ಮಣ್ಣು ಕೆಟ್ಟೈತೆ, ಮೂರು ತಿಂಗ್ಳು ತಡೀರಿ." ಆ ಕಡೆಯವರು ಪಟ್ಟನೆ ಫೋನ್ ಇಟ್ಟುಬಿಡುತ್ತಾರೆ. ಮತ್ತೆ ಬರುತ್ತಾರೋ ಇಲ್ಲವೋ ಎಂಬ ಭಯ ಜೈಬುನ್ನೀಸಾ ಮುಖದಲ್ಲೇ ಇದೆ.

ಗಂಗಕ್ಕ ಖಾಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ನನ್ನ ಬಿಟ್ಬಿಡು ಬೂಬಮ್ಮ. ಬ್ಯಾರೆ ಯಾರನ್ನಾರ ನೋಡ್ಕ."

"ಯಾರ್ನ ನೋಡ್ಲಿ? ಯಾವ ಮರದ ಬುಡ ಅಗೀಬೇಕು ಅಂತ ನಂಗೇನು ಗೊತ್ತು? ಮಧ್ಯಾಹ್ನದೊಳಗೆ ಒಂದು ಚೀಲ ತಾ. ಹೊಸದಾಗಿ ಬಿತ್ತಾಣ."

ಗಂಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಡುತ್ತಾರೆ. ಜೈಬುನ್ನೀಸಾ ಮೊದಲ ತೊಟ್ಟಿಯನ್ನು ಮಗುಚುತ್ತಾರೆ.

"ದೇವ್ರು ನಮ್ಮ ಜೋಳಾನ ಬಡಕಲಾಗೇ ಇಡ್ಲಿ" ಎನ್ನುತ್ತಾರೆ. "ಅವ್ಳ ಕಣ್ಣಿಗೆ ಅದೇ ಚೆಂದ ಕಾಣ್ಲಿ. ಅಷ್ಟು ಸಾಕು."