ಎಂಟು ತಾಸಿನ ನಿದ್ರೆ

ಮಗಳು ಮಾಟುಂಗದ ಕಾಲೇಜೊಂದರಲ್ಲಿ ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ, ವಿದ್ಯಾರ್ಥಿಗಳ ಆರೋಗ್ಯ ಮತ್ತು ಒತ್ತಡದ ಬಗ್ಗೆ ಕಾಲೇಜು ಸಮೀಕ್ಷೆ ನಡೆಸಿತು. ಹೆಸರು ಬೇಡ, ನಿಜ ಬರೆಯಿರಿ ಎಂದು ಫಾರ್ಮಿನಲ್ಲಿ ಅಚ್ಚಾಗಿತ್ತು. ಅದರ ಕೆಳಗೇ ರೋಲ್ ನಂಬರಿಗೆ ಜಾಗವಿತ್ತು. ವಾರದೊಳಗೆ ಕಾಲೇಜಿಗೆ ಬರಲು ನನಗೆ ಫೋನ್ ಬಂತು.

ಸಮೀಕ್ಷೆಯ ಹೊಣೆ ಹೊತ್ತ ಮೇಡಂ ನನ್ನನ್ನು ಕೂಡಿಸಿದರು, ಮಗಳನ್ನು ನಿಲ್ಲಿಸಿಯೇ ಇಟ್ಟರು. ಅವಳ ಫಾರ್ಮನ್ನು ನನ್ನತ್ತ ತಳ್ಳಿದರು. ನಿದ್ರೆ: ನಾಲ್ಕು ತಾಸು. ಬೆಳಗಿನ ತಿಂಡಿ: ಇಲ್ಲ. ಮಧ್ಯಾಹ್ನ: ವಡಾಪಾವ್, ಕೆಲವೊಮ್ಮೆ ಚಹಾ ಮಾತ್ರ. ಅಳು: ವಾರಕ್ಕೆ ಎರಡು ಸಲ.

“ಪೂರಾ ಕ್ಲಾಸ್ ಆಠ್ ಘಂಟೆ ಸೋತಾ ಹೈ. ಏಕ್ ಆಪ್ಕೀ ಬೇಟೀ ಡ್ರಾಮಾ ಕರ್ತೀ ಹೈ,” ಎಂದರು ಮೇಡಂ. ಇಡೀ ಕ್ಲಾಸು ಎಂಟು ತಾಸು ಮಲಗುತ್ತದಂತೆ, ನನ್ನ ಮಗಳೊಬ್ಬಳದೇ ನಾಟಕವಂತೆ.

ಕಾಲೇಜಿನ ತಪಾಸಣೆಗೆ ಹೊರಗಿನ ಸಮಿತಿ ಬರಲಿತ್ತು, ಈ ಫಾರ್ಮುಗಳನ್ನೂ ನೋಡಲಿತ್ತು. ಬೇರೆ ಫಾರ್ಮ್ ತುಂಬಿ, ಪೋಷಕರು ಸಹಿ ಹಾಕಿದರೆ ಮಾತ್ರ ಹಾಲ್ ಟಿಕೆಟ್. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

“ವೋ ಭೀ ನಹೀ ಸೋತೇ, ಮೇಡಂ. ವೋ ಹೋಶಿಯಾರ್ ಹೈ,” ಎಂದಳು ಮಗಳು. ಉಳಿದವರೂ ಮಲಗುವುದಿಲ್ಲ, ಆದರೆ ಅವರು ಜಾಣರು ಎಂದು.

“ಇದು ಖರೇ ಏನು?” ನಾನು ಫಾರ್ಮ್ ತೋರಿಸಿ ಕೇಳಿದೆ.

“ಖರೇನೇ ಪಪ್ಪಾ. ಏಳಕ್ಕ ಲೆಕ್ಚರ್. ಐದೂವರೆಗೆ ಕಾಂದಿವಲಿಯಿಂದ ಲೋಕಲ್ ಟ್ರೇನ್. ಸಂಜೀಕ ಸಿಎ ಕ್ಲಾಸ್. ಯಾವಾಗ ತಿನ್ಲಿ, ಯಾವಾಗ ಮಲಗ್ಲಿ? ನಿನಗ ಗೊತ್ತಿಲ್ಲೇನು?”

ಗೊತ್ತಿತ್ತು. ಸಿಎ ಕ್ಲಾಸಿಗೆ ಹಚ್ಚಿದವನು ನಾನೇ. ನಾನು ಕೆಲಸ ಮಾಡುವ ಪತ್ರಿಕೆಗೆ ಇಂಥ ಸುದ್ದಿ ಬಂದರೆ ಪ್ರತಿ ವಿವರವನ್ನೂ ಎರಡು ಸಲ ತಾಳೆ ನೋಡುತ್ತಿದ್ದೆ. ಮನೆಯಲ್ಲಿ ಊಟ ಆಯಿತೇ ಎಂದು ಕೇಳುತ್ತಿದ್ದೆ ಅಷ್ಟೇ, ಒಮ್ಮೆಯೂ ತಾಳೆ ನೋಡಿರಲಿಲ್ಲ.

“ಬರ್ದು ಕೊಟ್ಬಿಡು. ಪರೀಕ್ಷಾ ತಪ್ಪಬಾರ್ದು,” ಎಂದೆ.

“ನೀನೂ ಹಿಂಗಽ ಹೇಳಾಕತ್ತೀ?”

“ಹೂಂ. ಬರಿ.”

ಅವಳು ನಿಂತೇ ಬರೆದಳು. ಎಂಟು ತಾಸು ನಿದ್ರೆ, ತಿಂಡಿಗೆ ಪೋಹೆ, ಮಧ್ಯಾಹ್ನ ಚಪಾತಿ, ಪಲ್ಯ, ಅಳು ಇಲ್ಲ. “ಬದಾಮ್ ಹಾಲೂ ಬರೀಲೇನು, ಪಪ್ಪಾ?” ಎಂದು ಮೇಡಂ ಎದುರೇ ಅಣಕಿಸಿದಳು. ನಾನು ಸಹಿ ಹಾಕಿದೆ. ಮೇಡಂ ಹಳೆಯ ಫಾರ್ಮನ್ನು ಹರಿದು ಬುಟ್ಟಿಗೆ ಎಸೆದರು, ಹಾಲ್ ಟಿಕೆಟ್ ಕೊಟ್ಟರು, ಥ್ಯಾಂಕ್ಯೂ ಎಂದರು.

ಗೇಟಿನ ಹತ್ತಿರ ಮಗಳು ನಿಂತಳು.

“ಇನ್ಮ್ಯಾಲೆ ಊಟಾ ಆತೇನು ಅಂತ ನನ್ನ ಕೇಳಬ್ಯಾಡ. ಕೇಳಿದ್ರ ಆತು ಅಂತೀನಿ.”

ಅಲ್ಲಿಂದ ಅವಳು ನೇರ ಸಿಎ ಕ್ಲಾಸಿಗೆ ಹೋದಳು. ಇವತ್ತೊಂದು ದಿನ ಬೇಡ ಎಂದು ನಾನು ಹೇಳಲಿಲ್ಲ.