ಅರ್ಧ ಕಪ್ಪಿನ ಬಂಪರ್

ಅವರ ಎಡಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಬಲಗೈ ಮೇಲೆ ಕರಡಿಗಿರುವಷ್ಟಿತ್ತು. ಬಲಗೈಯಲ್ಲಿ ಬಿಸಿಗಾಳಿ ಊದುವ ಗನ್ ಹಿಡಿದು, ಶಾಖ ಎಷ್ಟಿದೆ ಎಂದು ಎಡಗೈ ಅಡ್ಡವಿಟ್ಟು ನೋಡಿ ನೋಡಿ ಎಲ್ಲ ಸುಟ್ಟುಹೋಗಿತ್ತು. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಹಳೆ ಕಾರುಗಳ ಪ್ಲಾಸ್ಟಿಕ್ ಬಂಪರು, ಬಾಗಿಲ ಪಟ್ಟಿಗಳನ್ನು ಆ ಬಿಸಿಗಾಳಿಯಲ್ಲೇ ಮತ್ತೆ ಕಪ್ಪಗೆ ಮಾಡಿಕೊಡುವುದು ಅವರ ಕೆಲಸ. ಕಾಮಾಕ್ಷಿಪಾಳ್ಯದಲ್ಲಿ ಎಲ್ಲರೂ ಬಂಪರ್ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಅವರ ಅಂಗಡಿಗೆ ಹೋದದ್ದು ನಮ್ಮ ಯಜಮಾನರು ತೀರಿಕೊಂಡ ಎಂಟನೇ ತಿಂಗಳಲ್ಲಿ. ಅವರ ಕಾರು ಅತ್ತಿಗುಪ್ಪೆಯ ನಮ್ಮ ಮನೆ ಮುಂದೆ ನಿಂತೇ ಇತ್ತು. ನನಗೆ ಓಡಿಸಲು ಬರುತ್ತಿರಲಿಲ್ಲ. ನನ್ನ ತಮ್ಮ ಒಬ್ಬ ಗಿರಾಕಿಯನ್ನು ಹುಡುಕಿದ್ದ. "ಬಂಪರ್ ಒಂದು ಸರಿ ಮಾಡ್ಸಿ ಕೊಟ್ಬಿಡೋಣ ಕಣಕ್ಕಾ, ಆಯ್ತಾ?" ಎಂದ. ಹೂಂ ಎಂದೆ. ಆಗ ನನ್ನದು ಎಲ್ಲದಕ್ಕೂ ಹೂಂ. ಯಜಮಾನರ ಬಟ್ಟೆ ಯಾರಿಗಾದರೂ ಕೊಡಲೇ ಎಂದರೂ ಹೂಂ, ಊಟಕ್ಕೆ ಏಳು ಎಂದರೂ ಹೂಂ. ಕೋಲೆ ಬಸವ ಕೂಡ ನನಗಿಂತ ಯೋಚಿಸಿ ತಲೆಯಾಡಿಸುತ್ತದೆ. ಅಳು ಬರುತ್ತಿರಲಿಲ್ಲ, ಬರುತ್ತಿಲ್ಲವಲ್ಲ ಎಂಬ ಸಂಕಟವೂ ಇರಲಿಲ್ಲ.

ಬಂಪರ್ ಅಣ್ಣ ನಮ್ಮ ಕಾರಿನ ಬಂಪರಿನ ಸಂದಿಗೆ ಬೆರಳು ಹಾಕಿ, ತೆಗೆದು ಮೂಸಿದರು.

"ಯಾರಮ್ಮಾ ಕೊಬ್ರಿ ಎಣ್ಣೆ ಹಚ್ಚಿದ್ದು?"

"ನಮ್ಮ ಯಜಮಾನ್ರು. ಪ್ರತಿ ಭಾನುವಾರ."

"ಎಲ್ರೂ ಮಾಡೋ ತಪ್ಪೇ ಬಿಡಿ. ಬೆಳಗ್ಗೆ ಮದ್ವೆ ಗಂಡಿನ ಥರ ಮಿಂಚುತ್ತೆ, ಸಾಯಂಕಾಲಕ್ಕೆ ಮಾಗಡಿ ರೋಡ್ ಧೂಳೆಲ್ಲಾ ಅದರ ಮೈಮೇಲೇ!"

"ಅವರು ಈಗಿಲ್ಲ" ಎಂದೆ. ನಗು ನಿಲ್ಲಿಸಿದರು. ಸೋಪಿನ ನೀರು ಕಲಸಿದರು.

ಅವರದ್ದೊಂದು ಪದ್ಧತಿ. ಬಂಪರಿನ ನಡುವೆ ಟೇಪ್ ಅಂಟಿಸಿ ಅರ್ಧ ಮಾತ್ರ ಮಾಡಿ, ಗಾಡಿಯವರನ್ನು ಕರೆಯುತ್ತಿದ್ದರು. "ಈ ಕೆಲ್ಸ ವಾಪಸ್ ಆಗಲ್ಲಮ್ಮ. ನೋಡಿ ಹೂಂ ಅಂದ್ರೇನೇ ಇನ್ನರ್ಧ."

ನಮ್ಮ ಬಂಪರಿನ ಬಲಗಡೆ ಕಾಡಿಗೆಯಂತೆ ಕಪ್ಪಾಗಿತ್ತು. ಎಡಗಡೆಯ ಬೂದಿಬಣ್ಣದಲ್ಲಿ, ಯಜಮಾನರು ಧೂಳಿನ ಸಮೇತ ಬಟ್ಟೆಯಿಂದ ಉಜ್ಜಿ ಉಜ್ಜಿ ಎಬ್ಬಿಸಿದ್ದ ಸಣ್ಣ ಗೀರುಗಳು ಸುತ್ತುಸುತ್ತಾಗಿ ಹಾಗೇ ಇದ್ದವು. ಬಲಗಡೆಯವು ಶಾಖಕ್ಕೆ ಕರಗಿಹೋಗಿದ್ದವು.

"ಹೂಂ ಅಂತೀರಾಮ್ಮ?"

ಬಾಯಿ ತೆರೆದೆ. ಹೂಂ ಬರಲಿಲ್ಲ.

ತಮ್ಮ ಸಿಡುಕಿದ. "ಮಾಡ್ರೀ ನೀವು, ಅಕ್ಕನ್ನೇನ್ ಕೇಳೋದು!"

ಬಂಪರ್ ಅಣ್ಣ ಗನ್ನಿನ ವೈರು ಕಿತ್ತು ಸುತ್ತಿಟ್ಟರು. "ಓನರ್ ಅವರು ಸಾರ್. ಅವರು ಹೂಂ ಅನ್ನೋವರ್ಗೂ ನಾನು ಮುಟ್ಟಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅರ್ಜೆಂಟೇನಿಲ್ಲಮ್ಮ. ಬಂಪರ್ ಎಲ್ಲೂ ಓಡೋಗಲ್ಲ."

ಅರ್ಧಂಬರ್ಧ ಗಾಡಿ ಬೇಡವೆಂದ ಗಿರಾಕಿ. ತಮ್ಮ ತಿಂಗಳುಗಟ್ಟಲೆ ಮುನಿಸಿಕೊಂಡ. ಕಾರು ಉಳಿಯಿತಲ್ಲ ಎಂದು ಜ್ಞಾನಭಾರತಿಯ ಖಾಲಿ ರಸ್ತೆಗಳಲ್ಲಿ ಓಡಿಸಲು ಕಲಿತೆ. ಬಂಪರ್ ಅಣ್ಣನ ಅಂಗಡಿ ಮುಂದೆ ಹಾದಾಗಲೆಲ್ಲ ಬೋಳು ಕೈ ಮೇಲೇಳುತ್ತಿತ್ತು.

"ಹೂಂ ಬಂತಾಮ್ಮ?"

"ಇನ್ನೂ ಇಲ್ಲಣ್ಣ."

"ಬರ್ಲಿ ಬಿಡಿ."

ಎರಡು ವರ್ಷದ ಮೇಲೆ ಒಂದು ದಿನ ಆ ಕೈ ಕಾಣಲಿಲ್ಲವೆಂದು ಗಾಡಿ ನಿಲ್ಲಿಸಿದೆ. ಅಂಗಡಿಯಲ್ಲಿ ಬೇರೆಯವನಿದ್ದ. ಬಂಪರ್ ಅಣ್ಣ ಎಲ್ಲಿ ಎಂದೆ. "ಅವರು ತೀರ್ಕೊಂಡು ತಿಂಗಳಾಯ್ತಲ್ಲ ಮೇಡಂ. ಹಾರ್ಟು" ಎಂದ. ಬಂಪರ್ ನೋಡಿದ. ಆ ಕಪ್ಪೂ ಅಷ್ಟರಲ್ಲಿ ಮಾಸತೊಡಗಿತ್ತು. "ಇದನ್ನ ಪೂರ್ತಿ ಮಾಡ್ಕೊಡ್ಲಾ?"

"ಬೇಡಪ್ಪ" ಎಂದೆ. ಯೋಚಿಸುವ ಮೊದಲೇ ಬಂದಿತ್ತು.

ಗಾಡಿ ಸ್ಟಾರ್ಟ್ ಮಾಡಿದೆ. ಅವತ್ತೂ ಅಳು ಬರಲಿಲ್ಲ. ಯಜಮಾನರು ಹೋದ ಆ ದಿನಗಳಲ್ಲಿ ಎಲ್ಲರೂ ನನ್ನನ್ನು ಕೇಳಿದ್ದರು. ಕೇಳಿ, ಉತ್ತರಕ್ಕೆ ಕಾದವರು ಬಂಪರ್ ಅಣ್ಣ ಒಬ್ಬರೇ.